ಮನೆಯೊಂದು, ಮೂರು ಬಾಗಿಲು: ಮ್ಯಾಕ್ಸ್ ಬಾರ್ನ್ ಕಂಡ ಬಿರುಕುಗಳು

ಪದವಿಪೂರ್ವ ತರಗತಿಯಲ್ಲಿ ರಸಾಯನ ವಿಜ್ಞಾನ ಓದಿದವರಿಗೆ ಬಾರ್ನ್-ಹೇಬರ್ ಚಕ್ರ ಎಂಬ ಹೆಸರು ಹೊಸದಲ್ಲ. ಅಡುಗೆ ಉಪ್ಪಿನಂಥ ಲವಣದ ಹರಳಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದನ್ನು ಲೆಕ್ಕ ಹಾಕುವ ವಿಧಾನ ಅದು. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ಆ ಎರಡು ಹೆಸರುಗಳ ನಡುವಿನ ಪುಟ್ಟ ಅಡ್ಡಗೆರೆಯ ಹಿಂದೆ ಒಂದು ದೊಡ್ಡ ನೈತಿಕ ಕಲಹದ ಕಥೆ ಇದೆಯೆಂಬುದು ಯಾವ ಪಠ್ಯಪುಸ್ತಕದಲ್ಲಿಯೂ ಬರುವುದಿಲ್ಲ. ಇಬ್ಬರೂ ಯಹೂದಿ ಮನೆತನದವರು, ಇಬ್ಬರೂ ಬ್ರೆಸ್ಲಾವ್ ಊರಿನವರು, ಇಬ್ಬರೂ ಮುಂದೆ ನೊಬೆಲ್ ಪ್ರಶಸ್ತಿ ಪಡೆದವರು. ಒಬ್ಬರು ಯುದ್ಧಭೂಮಿಗೆ ವಿಷಾನಿಲವನ್ನು ತಂದರು. ಇನ್ನೊಬ್ಬರು ಆ ಕೆಲಸಕ್ಕೆ ಕೈಜೋಡಿಸಲು ಒಲ್ಲೆನೆಂದರು.

ಒಲ್ಲೆನೆಂದ ಮ್ಯಾಕ್ಸ್ ಬಾರ್ನ್ ಅವರಿಗೂ ನಮ್ಮ ಮೈಸೂರು ಸಂಸ್ಥಾನಕ್ಕೂ ಒಂದು ನಂಟಿದೆ. ಜರ್ಮನಿಯಿಂದ ಹೊರದೂಡಲ್ಪಟ್ಟ ಅವರು 1935-36ರಲ್ಲಿ ಸುಮಾರು ಆರು ತಿಂಗಳು ಬೆಂಗಳೂರಿನಲ್ಲಿದ್ದರು. ಅವರ ಸೋದರಳಿಯ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಕೆಲವು ವರ್ಷ ಇಲ್ಲಿಯೇ ದುಡಿದರು. ಈ ನಂಟಿನ ನೆನಪಿಗಿಂತಲೂ ಮುಖ್ಯವಾದ ಇನ್ನೊಂದು ಕಾರಣಕ್ಕೆ ಬಾರ್ನ್ ಇಂದು ನಮಗೆ ಬೇಕಾಗುತ್ತಾರೆ. 2023ರ ಅಕ್ಟೋಬರ್ ನಂತರ ಗಾಜಾ ಯುದ್ಧದ ಪ್ರಶ್ನೆ ಜಗತ್ತಿನ ಅನೇಕ ಯಹೂದಿ ಕುಟುಂಬಗಳನ್ನು ಒಳಗಿನಿಂದಲೇ ಸೀಳಿದೆ. ತಂದೆ ಒಂದು ಕಡೆ, ಮಗಳು ಇನ್ನೊಂದು ಕಡೆ. ಹಬ್ಬದ ಊಟಕ್ಕೆ ಒಟ್ಟಿಗೆ ಕೂರಲಾರದ ಸ್ಥಿತಿ. ಇದು ಅವರೊಬ್ಬರ ಪಾಡೂ ಅಲ್ಲ. ಸರಸ್ವತಿಪುರಂ, ಕುವೆಂಪುನಗರಗಳ ಮನೆಗಳಲ್ಲಿಯೂ ರಾಜಕೀಯದ ಮಾತೆತ್ತಿದರೆ ಅಣ್ಣತಮ್ಮಂದಿರು ಮುಖ ತಿರುಗಿಸುವುದನ್ನು, ವಿದೇಶದಲ್ಲಿರುವ ಮಗ ಊರಿನ ಅಪ್ಪನಿಗೆ ಫೋನು ಮಾಡುವುದನ್ನೇ ಬಿಡುವುದನ್ನು ನಾವು ಕಾಣುತ್ತಿಲ್ಲವೇ? ಮನೆಯೊಂದು ಮೂರು ಬಾಗಿಲು ಎಂಬ ನಮ್ಮ ಗಾದೆ ಹಿಂದೆ ಆಸ್ತಿ ಜಗಳಕ್ಕೆ ಅನ್ವಯವಾಗುತ್ತಿತ್ತು. ಈಗ ಅದು ಸರಿತಪ್ಪುಗಳ ಜಗಳಕ್ಕೂ ಒಪ್ಪುತ್ತದೆ.

ಇಂಥ ಬಿರುಕು ತರುವ ದುಃಖಕ್ಕೆ ಒಂದು ವಿಚಿತ್ರ ಗುಣವಿದೆ. ಸತ್ತವರಿಗಾಗಿ ಅಳಬಹುದು, ತಿಥಿ ಮಾಡಬಹುದು, ಕಾಲ ಕಳೆದಂತೆ ಮನಸ್ಸು ಸಮಾಧಾನಗೊಳ್ಳುತ್ತದೆ. ಬದುಕಿದ್ದೂ ದೂರವಾದವರ ದುಃಖಕ್ಕೆ ಯಾವ ಶಾಸ್ತ್ರವೂ ಇಲ್ಲ. ಅದನ್ನು ಹೊತ್ತು ನಡೆಯುವುದು ಹೇಗೆ? ಬಾರ್ನ್ ಈ ಕುರಿತು ಉಪದೇಶದ ಗ್ರಂಥ ಬರೆದವರಲ್ಲ. ಆದರೆ ಅವರ ಎಂಬತ್ತೇಳು ವರ್ಷಗಳ ಬದುಕು ಈ ಪ್ರಶ್ನೆಗೆ ಕೊಟ್ಟ ದೀರ್ಘ ಉತ್ತರದಂತಿದೆ.

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಅಂದು ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್‌ನಲ್ಲಿ. ಇಂದು ಅದು ಪೋಲೆಂಡಿನ ವ್ರೊತ್ಸ್ವಾಫ್. ತಂದೆ ಗುಸ್ತಾವ್ ಬಾರ್ನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ವಿಜ್ಞಾನಿ. ತಾಯಿ ಮಾರ್ಗರೆಟೆ ಜವಳಿ ಉದ್ಯಮಿಗಳಾದ ಕೌಫ್‌ಮನ್ ಮನೆತನದವರು. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಜರ್ಮನ್ ಸಂಗೀತ, ಜರ್ಮನ್ ಕಾವ್ಯ, ಜರ್ಮನ್ ವಿದ್ಯೆ ಇವನ್ನೇ ತಮ್ಮದೆಂದು ನಂಬಿ ಬಾಳುತ್ತಿದ್ದ ಯಹೂದಿ ಮಧ್ಯಮ ವರ್ಗದ ವಾತಾವರಣದಲ್ಲಿ ಹುಡುಗ ಬೆಳೆದ. ಅಂಥ ಮನೆಗಳಲ್ಲಿ ಧರ್ಮ ಎಂಬುದು ಆಚರಣೆಗಿಂತ ಹೆಚ್ಚಾಗಿ ಮನೆತನದ ಗುರುತಾಗಿತ್ತು.

ಆ ಗುರುತೇ ಮೊದಲ ಬಿರುಕಿಗೆ ಕಾರಣವಾಯಿತು. 1913ರ ಆಗಸ್ಟ್‌ನಲ್ಲಿ ಬಾರ್ನ್ ಹೆಡ್ವಿಗ್ ಎರೆನ್‌ಬರ್ಗ್ ಅವರನ್ನು ಮದುವೆಯಾದರು. ಹೆಡಿ ಎಂದೇ ಕರೆಯಲ್ಪಡುತ್ತಿದ್ದ ಆಕೆಯ ತಂದೆ ವಿಕ್ಟರ್ ಎರೆನ್‌ಬರ್ಗ್ ಹೆಸರಾಂತ ಕಾನೂನು ಪಂಡಿತರು. ಯಹೂದಿ ಮೂಲದವರಾದರೂ ಕ್ರೈಸ್ತರಾಗಿದ್ದರು. ತಾಯಿ ಜರ್ಮನ್ ಕ್ರೈಸ್ತ ಮನೆತನದವರು. ಅಳಿಯನೂ ಕ್ರೈಸ್ತನಾಗಲಿ ಎಂಬ ಒತ್ತಡ ಬೀಗರ ಮನೆಯಿಂದ ಬಂತು. ಬಾರ್ನ್ ಮೊದಲು ಒಪ್ಪಲಿಲ್ಲ. ಕೊನೆಗೆ 1914ರಲ್ಲಿ ಲೂಥರನ್ ಪಂಥದ ದೀಕ್ಷೆ ಪಡೆದರು. ಅವರ ಮಟ್ಟಿಗೆ ಇದು ನಂಬಿಕೆಯ ಬದಲಾವಣೆಯಾಗಿರಲಿಲ್ಲ. ಮನೆಯ ಶಾಂತಿಗಾಗಿ ಮಾಡಿಕೊಂಡ ಹೊಂದಾಣಿಕೆಯಾಗಿತ್ತು.

ಅದೇ ಬಂಧುಬಳಗದಲ್ಲಿ ಅದೇ 1913ರಲ್ಲಿ ಇನ್ನೊಂದು ಘಟನೆ ನಡೆಯಿತು. ಹೆಡಿಯ ಅಣ್ಣ ರುಡಾಲ್ಫ್ ಎರೆನ್‌ಬರ್ಗ್ ಅವರ ಲೈಪ್ಸಿಗ್‌ನ ಮನೆಯಲ್ಲಿ ಜುಲೈ ತಿಂಗಳ ಒಂದು ರಾತ್ರಿ ಮೂವರು ಯುವಕರು ಧರ್ಮದ ಬಗ್ಗೆ ದೀರ್ಘ ಚರ್ಚೆ ನಡೆಸಿದರು. ಅವರಲ್ಲೊಬ್ಬರು ಎರೆನ್‌ಬರ್ಗ್ ಕುಟುಂಬದ ದಾಯಾದಿ ಫ್ರಾಂಜ್ ರೋಸನ್‌ಜ್ವೈಗ್. ಚರ್ಚೆಯ ನಂತರ ಅವರು ಕ್ರೈಸ್ತರಾಗಲು ನಿರ್ಧರಿಸಿದರು. ಆದರೆ ಅಕ್ಟೋಬರ್ ಹೊತ್ತಿಗೆ ಆ ನಿರ್ಧಾರವನ್ನು ಕೈಬಿಟ್ಟು ಯಹೂದಿಯಾಗಿಯೇ ಉಳಿದರು. ಇಪ್ಪತ್ತನೆಯ ಶತಮಾನದ ಪ್ರಮುಖ ಯಹೂದಿ ಚಿಂತಕರಲ್ಲಿ ಒಬ್ಬರಾದರು. ಒಂದೇ ಬಳ್ಳಿಯ ಕುಡಿಗಳು ಹೀಗೆ ಬೇರೆ ಬೇರೆ ದಿಕ್ಕಿಗೆ ಹಬ್ಬಿದವು. ಇಪ್ಪತ್ತು ವರ್ಷಗಳ ನಂತರ ಬಂದ ಹಿಟ್ಲರನ ಕಾನೂನು ಈ ಸೂಕ್ಷ್ಮ ಭೇದಗಳನ್ನು ಎಣಿಸಲೇ ಇಲ್ಲ. ಅದಕ್ಕೆ ಬೇಕಾಗಿದ್ದುದು ಅಜ್ಜ ಅಜ್ಜಿಯರ ವಿವರ ಮಾತ್ರ.

ಮೊದಲ ಮಹಾಯುದ್ಧ ಬಂತು. ಬರ್ಲಿನ್‌ನಲ್ಲಿ ಫ್ರಿಟ್ಸ್ ಹೇಬರ್ ಅವರ ಸಂಸ್ಥೆ ವಿಷಾನಿಲದ ತಯಾರಿಯಲ್ಲಿ ತೊಡಗಿತು. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ವಿಧಾನ ಕಂಡುಹಿಡಿದು ಜಗತ್ತಿನ ಹೊಲಗಳಿಗೆ ಗೊಬ್ಬರ ಒದಗಿಸಿದ ವಿಜ್ಞಾನಿ ಅವರೇ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್ ರಣರಂಗದಲ್ಲಿ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಾಗ ಅದರ ಉಸ್ತುವಾರಿ ಹೊತ್ತವರೂ ಅವರೇ. ಅವರ ಪತ್ನಿ ಕ್ಲಾರಾ ಇಮ್ಮರ್‌ವಾರ್ ಸ್ವತಃ ರಸಾಯನ ವಿಜ್ಞಾನಿ; ಬ್ರೆಸ್ಲಾವ್ ವಿಶ್ವವಿದ್ಯಾಲಯದಿಂದ 1900ರಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಅನಿಲ ಪ್ರಯೋಗವಾದ ಕೆಲವೇ ದಿನಗಳಲ್ಲಿ, ಮೇ 2ರಂದು, ಗಂಡನ ಪಿಸ್ತೂಲಿನಿಂದಲೇ ಆಕೆ ಪ್ರಾಣ ಕಳೆದುಕೊಂಡರು. ವಿಷಾನಿಲದ ಮೇಲಿನ ಅಸಹ್ಯವೊಂದೇ ಅದಕ್ಕೆ ಕಾರಣವೇ, ಬಹುಕಾಲದಿಂದ ಬಾಡಿದ ದಾಂಪತ್ಯವೂ ಕಾರಣವೇ ಎಂಬ ವಿಷಯದಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ಹೇಬರ್ ಬಹುಬೇಗ ಮತ್ತೆ ರಣರಂಗಕ್ಕೆ ಹೊರಟುಹೋದರು. ದೇಶಭಕ್ತಿ ಎಂಬ ಒಂದೇ ಮಾತಿಗೆ ಅವರು ಉಳಿದೆಲ್ಲವನ್ನೂ ಒತ್ತೆಯಿಟ್ಟಿದ್ದರು.

ತಮ್ಮ ಜೊತೆ ಸೇರುವಂತೆ ಬಂದ ಕರೆಯನ್ನು ಬಾರ್ನ್ ನಿರಾಕರಿಸಿದರು. ಆದರೆ ಅವರ ಆಪ್ತ ಗೆಳೆಯ ಜೇಮ್ಸ್ ಫ್ರಾಂಕ್ ಹೇಬರ್ ಅವರ ಪಡೆಯಲ್ಲಿದ್ದರು; ಓಟೋ ಹಾನ್ ಇದ್ದರು. ಹಾಗೆಂದು ಬಾರ್ನ್ ಅವರ ಕೈ ಪೂರ್ತಿ ಶುಭ್ರವಾಗಿತ್ತೆಂದು ಹೇಳುವಂತೆಯೂ ಇಲ್ಲ. ಅವರೂ ಸಮವಸ್ತ್ರ ತೊಟ್ಟಿದ್ದರು. ಶತ್ರುಗಳ ಫಿರಂಗಿ ಎಲ್ಲಿದೆಯೆಂಬುದನ್ನು ಸದ್ದಿನಿಂದ ಪತ್ತೆಮಾಡುವ ಸೇನಾ ವಿಭಾಗದಲ್ಲಿ ದುಡಿದರು. ಅವರು ಎಳೆದುಕೊಂಡ ಗೆರೆ ಯುದ್ಧ ಮತ್ತು ಶಾಂತಿಯ ನಡುವಿನದಾಗಿರಲಿಲ್ಲ. ಯುದ್ಧದಲ್ಲಿಯೂ ಮಾಡಬಾರದ ಕೆಲಸವೊಂದಿದೆ ಎಂಬುದಷ್ಟೇ ಅವರ ನಿಲುವು. ತಮ್ಮ ಪಾಲನ್ನು ಮರೆಮಾಚದೆ ಆ ಗೆರೆಯನ್ನು ಕಾಯ್ದುಕೊಂಡರು.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಇದೇ ಹೇಬರ್ ಬಾರ್ನ್ ಅವರ ಹರಳುಗಳ ಲೆಕ್ಕಾಚಾರದಲ್ಲಿ ಆಸಕ್ತಿ ತೋರಿದರು. ಬಾರ್ನ್ ಬಾಗಿಲು ಮುಚ್ಚಲಿಲ್ಲ. ಅದರ ಫಲವೇ ನಮ್ಮ ಮಕ್ಕಳು ಓದುವ ಆ ಚಕ್ರ. ಇದನ್ನು ಕ್ಷಮೆ ಎನ್ನಬೇಕೇ? ಹಾಗೆ ತೋರುವುದಿಲ್ಲ. ವಿಷಾನಿಲದ ವಿಷಯದಲ್ಲಿ ಬಾರ್ನ್ ಅವರ ತೀರ್ಪು ಕೊನೆಯವರೆಗೂ ಸಡಿಲಲಿಲ್ಲ. ಕೃತ್ಯವನ್ನು ತಿರಸ್ಕರಿಸಿಯೂ ಮನುಷ್ಯನನ್ನು ಪೂರ್ತಿ ತಿರಸ್ಕರಿಸದಿರುವುದು ಅವರ ರೀತಿ. ಅದು ಸುಲಭದ ದಾರಿಯಲ್ಲ. ಎರಡೂ ಕಡೆಯವರಿಗೆ ಅದು ಅನುಮಾನಾಸ್ಪದವಾಗಿ ಕಾಣುತ್ತದೆ.

1921ರಿಂದ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಬಾರ್ನ್ ಕಟ್ಟಿದ ಗರಡಿ ಭೌತವಿಜ್ಞಾನದ ಚರಿತ್ರೆಯಲ್ಲಿ ಅಪೂರ್ವವಾದುದು. ಹೈಸನ್‌ಬರ್ಗ್ ಮತ್ತು ಪಾಸ್ಕುವಲ್ ಯೋರ್ಡಾನ್ ಜೊತೆಗೂಡಿ 1925ರಲ್ಲಿ ಕ್ವಾಂಟಮ್ ಬಲವಿಜ್ಞಾನಕ್ಕೆ ಗಣಿತದ ಅಡಿಪಾಯ ಹಾಕಿದರು. ಮರುವರ್ಷ ಆ ಸಿದ್ಧಾಂತಕ್ಕೆ ಸಂಭವನೀಯತೆಯ ಅರ್ಥ ಕೊಟ್ಟರು. ಅಣುವಿನ ಲೋಕದಲ್ಲಿ ಮುಂದೇನಾಗುವುದೆಂದು ಖಚಿತವಾಗಿ ಹೇಳಲಾಗದು, ಸಾಧ್ಯತೆಯ ಪ್ರಮಾಣವನ್ನು ಮಾತ್ರ ಹೇಳಬಹುದು ಎಂಬುದು ಅದರ ಸಾರ. ಬಾರ್ನ್ ಅವರ ಜೀವದ ಗೆಳೆಯ, ಪಿಟೀಲು ಹಿಡಿದು ಅವರ ಪಿಯಾನೊ ಜೊತೆ ನುಡಿಸುತ್ತಿದ್ದ ಐನ್‌ಸ್ಟೈನ್, ಇದನ್ನು ಸಾಯುವವರೆಗೂ ಒಪ್ಪಲಿಲ್ಲ. ಅವರಿಬ್ಬರ ಪತ್ರವ್ಯವಹಾರ ಮಾತ್ರ ನಿಲ್ಲಲಿಲ್ಲ.

1933ರ ಏಪ್ರಿಲ್‌ನಲ್ಲಿ ನಾಜಿ ಸರ್ಕಾರ ಕೆಲಸದಿಂದ ತೆಗೆದುಹಾಕಿದವರ ಪಟ್ಟಿಯಲ್ಲಿ ತಮ್ಮ ಹೆಸರೂ ಇರುವುದನ್ನು ಬಾರ್ನ್ ಪತ್ರಿಕೆಯಲ್ಲಿ ಓದಿ ತಿಳಿದರು. ಲೂಥರನ್ ದೀಕ್ಷೆ ಅವರನ್ನು ಕಾಯಲಿಲ್ಲ. ಮೇ ತಿಂಗಳಲ್ಲಿ ಕುಟುಂಬದೊಡನೆ ದೇಶ ಬಿಟ್ಟರು. ಅದೇ ವರ್ಷ ಯೋರ್ಡಾನ್ ನಾಜಿ ಪಕ್ಷ ಸೇರಿದರು. ಹೈಸನ್‌ಬರ್ಗ್ ಜರ್ಮನಿಯಲ್ಲಿಯೇ ಉಳಿದರು. ಮೂವರೂ ಸೇರಿ ಮಾಡಿದ ಕೆಲಸಕ್ಕೆ ನೊಬೆಲ್ ತಮಗೊಬ್ಬರಿಗೇ ಬಂದಾಗ ಹೈಸನ್‌ಬರ್ಗ್ ತಮ್ಮ ಅಳುಕನ್ನು ಗುರುವಿಗೆ ಪತ್ರದಲ್ಲಿ ತೋಡಿಕೊಂಡರು. ಮರುವರ್ಷ ಇಂಗ್ಲೆಂಡಿಗೆ ಬಂದಾಗ ಅವರು ತಂದ ಸಂದೇಶ ಮಾತ್ರ ಬಾರ್ನ್ ಅವರನ್ನು ಕೆರಳಿಸಿತು: ಸಂಶೋಧನೆಗಾಗಿ ಬಾರ್ನ್ ಜರ್ಮನಿಗೆ ಮರಳಬಹುದು, ಆದರೆ ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಬಾರ್ನ್ ಖಡಾಖಂಡಿತವಾಗಿ ನಿರಾಕರಿಸಿದರು. ಶಿಷ್ಯನೊಡನೆ ಮಾತು ಬಿಡಲಿಲ್ಲ.

ಕೇಂಬ್ರಿಜ್‌ಗೆ ಹೇಬರ್ ಕೂಡ ಬಂದಿಳಿದರು. ತಾನು ಯಾವ ದೇಶಕ್ಕಾಗಿ ಎಲ್ಲವನ್ನೂ ಕೊಟ್ಟನೋ ಆ ದೇಶವೇ ಕೈಬಿಟ್ಟ, ಹೃದ್ರೋಗದಿಂದ ನರಳುತ್ತಿದ್ದ ಮುದುಕ. ಬಾರ್ನ್ ಅವರನ್ನು ಮನೆಗೆ ಆಹ್ವಾನಿಸಿದರು. ಅಣುವಿಜ್ಞಾನದ ಪಿತಾಮಹ ರುದರ್‌ಫರ್ಡ್ ಅವರನ್ನೂ ಕರೆಯಬಯಸಿದರು. ವಿಷಾನಿಲ ತಂದ ವ್ಯಕ್ತಿಯೊಡನೆ ಕೂರಲಾರೆನೆಂದು ರುದರ್‌ಫರ್ಡ್ ಬರಲಿಲ್ಲ. ಅವರ ನಿಷ್ಠುರತೆಗೂ ನ್ಯಾಯವಿತ್ತು, ಬಾರ್ನ್ ಅವರ ಆತಿಥ್ಯಕ್ಕೂ ಅರ್ಥವಿತ್ತು. 1934ರ ಜನವರಿಯಲ್ಲಿ ಹೇಬರ್ ಬಾಸೆಲ್ ನಗರದಲ್ಲಿ ತೀರಿಕೊಂಡರು. ಅವರ ಸಂಸ್ಥೆಯಲ್ಲಿ ಕೀಟನಾಶಕಗಳ ಮೇಲೆ ನಡೆದ ಕೆಲಸದ ಮುಂದುವರಿಕೆಯಾಗಿ ಬಂದ ಝೈಕ್ಲಾನ್ ಬಿ ಎಂಬ ವಿಷವನ್ನು ನಾಜಿಗಳು ಮುಂದೆ ಯಹೂದಿಗಳನ್ನು ಕೊಲ್ಲಲು ಬಳಸಿದರು. ಹೇಬರ್ ಅವರ ಕಿರಿಯ ಮಗ ಲುಡ್ವಿಗ್ ಹೇಬರ್ ಇತಿಹಾಸಕಾರರಾಗಿ, 1986ರಲ್ಲಿ ಮೊದಲ ಮಹಾಯುದ್ಧದ ವಿಷಾನಿಲದ ಬಗ್ಗೆಯೇ ಪ್ರಮಾಣಭೂತ ಗ್ರಂಥ ಪ್ರಕಟಿಸಿದರು. ತಂದೆಯ ಕೃತ್ಯವನ್ನು ಅಡಗಿಸದೆ, ನಿಂದೆಯ ಬಲೆಗೂ ಬೀಳದೆ, ದಾಖಲೆ ಹಿಡಿದು ಪರಿಶೀಲಿಸಿದ್ದು ಆ ಮಗ ಸಲ್ಲಿಸಿದ ಒಂದು ಬಗೆಯ ಶ್ರಾದ್ಧವೆನ್ನಬಹುದು.

ಕೇಂಬ್ರಿಜ್‌ನಲ್ಲಿ ಬಾರ್ನ್ ಅವರಿಗಿದ್ದುದು ತಾತ್ಕಾಲಿಕ ಕೆಲಸ. ಆಗ ಕರೆ ಬಂದದ್ದು ಬೆಂಗಳೂರಿನಿಂದ. ಮೈಸೂರು ದರ್ಬಾರು ಕೊಟ್ಟ 371 ಎಕರೆ ನೆಲದ ಮೇಲೆ ನಿಂತ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಸಿ.ವಿ. ರಾಮನ್ ನಿರ್ದೇಶಕರಾಗಿದ್ದರು. ಹಿಟ್ಲರನಿಂದ ಹೊರಬಿದ್ದ ಪ್ರತಿಭೆಗಳನ್ನು ಭಾರತಕ್ಕೆ ತರಬೇಕೆಂಬುದು ರಾಮನ್ ಅವರ ದೂರದೃಷ್ಟಿ. ಬಾರ್ನ್ ಮತ್ತು ಹೆಡಿ 1935ರಲ್ಲಿ ಬಂದರು. ಉಪನ್ಯಾಸಗಳು ನಡೆದವು. ತರುಣ ವಿಜ್ಞಾನಿ ಎನ್.ಎಸ್. ನಾಗೇಂದ್ರನಾಥ್ ಅವರೊಡನೆ ಬಾರ್ನ್ ಬರೆದ ಪ್ರಬಂಧ 1936ರಲ್ಲಿ ರಾಮನ್ ಸ್ಥಾಪಿಸಿದ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾರ್ನ್ ಅವರಿಗಾಗಿ ಖಾಯಂ ಪ್ರಾಧ್ಯಾಪಕ ಹುದ್ದೆ ಸೃಷ್ಟಿಸಲು ರಾಮನ್ ಮುಂದಾದರು. ಆ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಗೆ ಈ ಸಂಸ್ಥೆಯಲ್ಲಿ ಜಾಗ ಕೊಡಬೇಕೇ ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲಿಯೇ ಕೂತು ಅದನ್ನು ಕೇಳಿದರು. ಅಂದು ಮನೆಗೆ ಬಂದು ಹೆಂಡತಿಯ ಮುಂದೆ ಅತ್ತದ್ದನ್ನು ಮುಂದೆ ಆತ್ಮಚರಿತ್ರೆಯಲ್ಲಿ ಸಂಕೋಚವಿಲ್ಲದೆ ದಾಖಲಿಸಿದ್ದಾರೆ.

ಹುದ್ದೆ ದೊರೆಯಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಮರುವರ್ಷ ರಾಮನ್ ಕೂಡ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಮುಂದೆ ನಲವತ್ತರ ದಶಕದಲ್ಲಿ ಹರಳುಗಳ ಕಂಪನದ ಸಿದ್ಧಾಂತದ ಬಗ್ಗೆ ರಾಮನ್ ಮತ್ತು ಬಾರ್ನ್ ನಡುವೆಯೇ ಕಹಿಯಾದ ವಾದ ಎದ್ದಿತು. ಹಳೆಯ ಸ್ನೇಹ ತಣ್ಣಗಾಯಿತು. ಆದರೂ ಬೆಂಗಳೂರಿನ ನಂಟು ಬೇರೊಂದು ಬಗೆಯಲ್ಲಿ ಚಿಗುರಿತು. ಬಾರ್ನ್ ಅವರ ತಂಗಿ ಕೇಥೆಯ ಮಗ ಓಟೋ ಕೋನಿಗ್ಸ್‌ಬರ್ಗರ್ ಬರ್ಲಿನ್‌ನ ವಾಸ್ತುಶಿಲ್ಪಿ. 1933ರಲ್ಲಿ ಅವರೂ ಕೆಲಸ ಕಳೆದುಕೊಂಡು ಈಜಿಪ್ಟ್ ಸೇರಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, 1939ರಲ್ಲಿ, ಅವರು ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ಸೋದರಮಾವನಿಗೆ ಪೀಠ ಸಿಗದ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವೈಮಾನಿಕ ಇಂಜಿನಿಯರಿಂಗ್, ಲೋಹವಿಜ್ಞಾನ ವಿಭಾಗಗಳಿಗೆ ಕಟ್ಟಡ ರೂಪಿಸಿದವರು ಈ ಸೋದರಳಿಯ. ಸ್ವಾತಂತ್ರ್ಯಾನಂತರ ಭುವನೇಶ್ವರ ನಗರದ ಯೋಜನೆ ತಯಾರಿಸಿದವರೂ ಅವರೇ. ಅವಮಾನಕ್ಕೆ ಬಾರ್ನ್ ಕುಟುಂಬ ಕೊಟ್ಟ ಉತ್ತರವೆಂದು ಇದನ್ನು ಯಾರೂ ಯೋಜಿಸಿರಲಿಲ್ಲ. ಆದರೂ ಆ ಕಟ್ಟಡಗಳ ಮುಂದೆ ನಿಂತಾಗ ಹಾಗೆನಿಸದೆ ಇರದು.

ಎಡಿನ್‌ಬರೋದಲ್ಲಿ ಇನ್ನೊಂದು ದುಃಖ ಕಾದಿತ್ತು. ಬಾರ್ನ್ ಅವರ ಶಿಷ್ಯರು ಮತ್ತು ಸಹಾಯಕರಲ್ಲಿ ಆಪನ್‌ಹೈಮರ್ ಇದ್ದರು, ಟೆಲ್ಲರ್ ಇದ್ದರು, ವೈಸ್‌ಕಾಫ್ ಇದ್ದರು. ಅಣುಬಾಂಬನ್ನು ರೂಪಿಸಿದ ಬುದ್ಧಿಗಳಲ್ಲಿ ಹಲವು ಅವರ ಗರಡಿಯಲ್ಲಿ ಪಳಗಿದವು. ಹಿಟ್ಲರನನ್ನು ಸೋಲಿಸಬೇಕೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೆ ಬಾಂಬಿನ ಕೆಲಸದಿಂದ ದೂರ ಉಳಿದರು. ಎಡಿನ್‌ಬರೋದಲ್ಲಿ ಅವರೊಡನೆ ದುಡಿದ ಜರ್ಮನ್ ನಿರಾಶ್ರಿತ ಯುವಕ ಕ್ಲಾಸ್ ಫುಕ್ಸ್ 1941ರಲ್ಲಿ ಆ ಕೆಲಸಕ್ಕೆ ಹೊರಟುಹೋದರು. ಬಾಂಬಿನ ರಹಸ್ಯಗಳನ್ನು ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಿದ್ದಕ್ಕಾಗಿ 1950ರಲ್ಲಿ ಅವರಿಗೆ 14 ವರ್ಷಗಳ ಶಿಕ್ಷೆಯಾಯಿತು. ಒಬ್ಬ ಶಿಷ್ಯ ಬಾಂಬು ಕಟ್ಟಿದ, ಇನ್ನೊಬ್ಬ ಅದರ ಗುಟ್ಟು ದಾಟಿಸಿದ, ಮತ್ತೊಬ್ಬ ನಾಜಿಯಾದ. ಜಾಣ್ಮೆಯನ್ನು ಕಲಿಸಿದ ತಾನು ವಿವೇಕವನ್ನು ಕಲಿಸಲಿಲ್ಲವೇ ಎಂಬ ಕೊರಗು ಗುರುವನ್ನು ಕೊನೆಯವರೆಗೂ ಕಾಡಿತು.

ಮನೆಯೊಳಗೂ ಬಾಂಬಿನ ನೆರಳು ಬಿತ್ತು. ಬ್ರಿಟಿಷ್ ಸೇನೆಯಲ್ಲಿ ವೈದ್ಯರಾಗಿದ್ದ ಅವರ ಮಗ ಗುಸ್ತಾವ್ ಯುದ್ಧಾನಂತರ ಹಿರೋಷಿಮಾದ ಗಾಯಾಳುಗಳನ್ನು ಕಣ್ಣಾರೆ ಕಂಡರು. ವಿಕಿರಣಕ್ಕೆ ಸಿಕ್ಕವರ ನಿಲ್ಲದ ರಕ್ತಸ್ರಾವ ಅವರನ್ನು ರಕ್ತದ ಕಿರುಬಿಲ್ಲೆಗಳ ಸಂಶೋಧನೆಯತ್ತ ತಿರುಗಿಸಿತು. ಆ ಕ್ಷೇತ್ರದಲ್ಲಿ ಅವರು ಜಗತ್ಪ್ರಸಿದ್ಧರಾದರು. ಅತ್ತ ವಿಷಾನಿಲದ ಪಡೆಯಲ್ಲಿದ್ದ ಗೆಳೆಯ ಫ್ರಾಂಕ್, ಅಮೆರಿಕದಲ್ಲಿ ಬಾಂಬಿನ ಯೋಜನೆಯೊಳಗೇ ಇದ್ದುಕೊಂಡು, ಎಚ್ಚರಿಕೆಯಿಲ್ಲದೆ ಜಪಾನಿನ ಮೇಲೆ ಅದನ್ನು ಪ್ರಯೋಗಿಸಬಾರದೆಂದು 1945ರ ಜೂನ್‌ನಲ್ಲಿ ವರದಿ ಸಲ್ಲಿಸಿದರು. 1915ರಲ್ಲಿ ಆ ಗೆಳೆಯನೊಡನೆ ಸಂಬಂಧ ಕಡಿದುಕೊಂಡಿದ್ದರೆ ಈ ಬದಲಾವಣೆಯನ್ನು ಆಪ್ತನಾಗಿ ಕಾಣುವ ಭಾಗ್ಯ ಬಾರ್ನ್ ಅವರಿಗೆ ಇರುತ್ತಿರಲಿಲ್ಲ. ಮನುಷ್ಯರು ಒಂದು ತಪ್ಪಿನಲ್ಲಿಯೇ ಹೆಪ್ಪುಗಟ್ಟಿ ನಿಲ್ಲುವುದಿಲ್ಲ ಎಂಬುದಕ್ಕೆ ಫ್ರಾಂಕ್ ಸಾಕ್ಷಿ.

ಅತ್ಯಂತ ನೋವಿನ ಭಿನ್ನಾಭಿಪ್ರಾಯ ಇನ್ನೂ ಬಾಕಿಯಿತ್ತು. 1953ರಲ್ಲಿ ಬಾರ್ನ್ ನಿವೃತ್ತರಾದರು. ತಡವಾಗಿ ಸೇರಿದ ಕಾರಣ ಎಡಿನ್‌ಬರೋದ ಪಿಂಚಣಿ ಅಲ್ಪ. ಜರ್ಮನಿ ಅವರ ಹಳೆಯ ಹಕ್ಕುಗಳನ್ನು ಮರಳಿಸಿತ್ತು. ಹೆಡಿ ಅಷ್ಟರಲ್ಲಿ ಕ್ವೇಕರ್ ಪಂಥ ಸೇರಿದ್ದರು. ಅಹಿಂಸೆಯನ್ನು ವ್ರತವಾಗಿ ಪಾಲಿಸುವ ಪಂಥ ಅದು. ಜರ್ಮನ್ ಕ್ವೇಕರರ ಕೇಂದ್ರವಿದ್ದ ಬಾಡ್ ಪಿರ್ಮಾಂಟ್ ಎಂಬ ಸಣ್ಣ ಊರಿನಲ್ಲಿ ನೆಲೆಸಲು ದಂಪತಿ ನಿರ್ಧರಿಸಿದರು. ಬಾರ್ನ್ ಅವರ ಬಂಧುಗಳು, ಗೆಳೆಯರು ಹಲವರು ನಾಜಿಗಳ ಕೈಯಲ್ಲಿ ಸತ್ತಿದ್ದರು. ಆ ನೆಲಕ್ಕೆ ಮರಳುವುದೇ? ಜರ್ಮನಿಯೊಡನೆ ಎಲ್ಲ ಸಂಬಂಧ ಕಡಿದುಕೊಂಡಿದ್ದ ಐನ್‌ಸ್ಟೈನ್, ನಮ್ಮವರನ್ನು ಸಾಮೂಹಿಕವಾಗಿ ಕೊಂದವರ ನಾಡಿಗೆ ಗೆಳೆಯ ಮರಳುತ್ತಿರುವುದನ್ನು ಪತ್ರದಲ್ಲಿ ಚುಚ್ಚಿ ಬರೆದರು. ಪಿಂಚಣಿಯಲ್ಲಿ ಜಿಪುಣತನ ತೋರಿದ ಸ್ಕಾಟ್ಲೆಂಡಿನ ಮೇಲೆ ಅರ್ಧ ವ್ಯಂಗ್ಯದಲ್ಲಿ ತಪ್ಪು ಹೊರಿಸಿದರು. ಬಾರ್ನ್ ಸುಮ್ಮನಿರಲಿಲ್ಲ. ತಾವು ಹೋಗುತ್ತಿರುವುದು ಕೊಲೆಗಾರರ ಬಳಿಗಲ್ಲ, ನಾಜಿಗಳಿಂದ ತಾವೇ ಕಷ್ಟಪಟ್ಟ ಕ್ವೇಕರರ ಬಳಿಗೆ ಎಂದು ವಿವರಿಸಿದರು. ಹಿರೋಷಿಮಾ ನಾಗಸಾಕಿಗಳ ನಂತರ ಅಮೆರಿಕದ ಕೈಯೂ ಶುಭ್ರವಾಗಿಲ್ಲವೆಂದು ನೆನಪಿಸಿದರು.

ಯಾರು ಸರಿ? ಅರ್ಧ ಶತಮಾನಕ್ಕೂ ಮಿಕ್ಕ ಕಾಲದ ನಂತರವೂ ಇದಕ್ಕೆ ಸುಲಭದ ಉತ್ತರವಿಲ್ಲ. ಸತ್ತವರ ನೆನಪಿಗೆ ನಿಷ್ಠನಾಗಿ ಬಾಗಿಲು ಮುಚ್ಚಿದ ಐನ್‌ಸ್ಟೈನ್ ನಿಲುವಿಗೆ ತನ್ನದೇ ಘನತೆಯಿದೆ. ಹುಟ್ಟಿದ ನೆಲದ ಮುಂದಿನ ಪೀಳಿಗೆಯನ್ನು ಕೈಬಿಡಲಾರೆನೆಂದ ಬಾರ್ನ್ ನಿಲುವಿಗೂ ಇದೆ. ಗಮನಿಸಬೇಕಾದುದು ಇಷ್ಟೇ: ಇಬ್ಬರೂ ತಮ್ಮ ಮಾತನ್ನು ಬಿಚ್ಚಿ ಹೇಳಿದರು, ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ, ಪತ್ರಗಳೂ ನಿಲ್ಲಲಿಲ್ಲ. 1955ರ ಏಪ್ರಿಲ್‌ನಲ್ಲಿ ಐನ್‌ಸ್ಟೈನ್ ತೀರಿಕೊಂಡರು. ಅವರು ಕೊನೆಯ ದಿನಗಳಲ್ಲಿ ಸಹಿ ಹಾಕಿದ, ರಸೆಲ್-ಐನ್‌ಸ್ಟೈನ್ ಪ್ರಣಾಳಿಕೆ ಎಂದು ಹೆಸರಾದ ಅಣ್ವಸ್ತ್ರ ವಿರೋಧಿ ಹೇಳಿಕೆಗೆ ಬಾರ್ನ್ ಕೂಡ ಸಹಿ ಹಾಕಿದ್ದರು. ದೇಶದ ಪ್ರಶ್ನೆಯಲ್ಲಿ ಬೇರೆಯಾದ ಗೆಳೆಯರು ಮನುಕುಲದ ಪ್ರಶ್ನೆಯಲ್ಲಿ ಒಂದೇ ಹಾಳೆಯ ಮೇಲೆ ಕೂಡಿದರು.

ಮರಳಿದ ಮೇಲೆ ಬಾರ್ನ್ ವಿಶ್ರಾಂತಿಯ ಬದುಕು ಬಾಳಲಿಲ್ಲ. 1954ರಲ್ಲಿ ತಡವಾಗಿ ಬಂದ ನೊಬೆಲ್ ಪ್ರಶಸ್ತಿ ಅವರ ಮಾತಿಗೆ ತೂಕ ತಂದಿತ್ತು. 1955ರ ಜುಲೈಯಲ್ಲಿ ಮೈನಾವ್ ದ್ವೀಪದಲ್ಲಿ ನೊಬೆಲ್ ವಿಜ್ಞಾನಿಗಳು ಅಣ್ವಸ್ತ್ರಗಳ ವಿರುದ್ಧ ಹೊರಡಿಸಿದ ಘೋಷಣೆಯ ಹಿಂದೆ ಅವರ ಶ್ರಮವಿತ್ತು. 1957ರ ಏಪ್ರಿಲ್‌ನಲ್ಲಿ ಪಶ್ಚಿಮ ಜರ್ಮನಿಯ ಸೇನೆಗೆ ಅಣ್ವಸ್ತ್ರ ಬೇಡವೆಂದು ಘೋಷಿಸಿದ ಹದಿನೆಂಟು ಗಟಿಂಗೆನ್ ವಿಜ್ಞಾನಿಗಳಲ್ಲಿ ಬಾರ್ನ್ ಒಬ್ಬರು. ಅದೇ ಹಾಳೆಯಲ್ಲಿ ಹೈಸನ್‌ಬರ್ಗ್ ಸಹಿಯಿತ್ತು, ಹೇಬರ್ ಪಡೆಯಲ್ಲಿದ್ದ ಓಟೋ ಹಾನ್ ಸಹಿಯೂ ಇತ್ತು. ಯೋರ್ಡಾನ್ ಮಾತ್ರ ಎದುರು ನಿಂತು ಸರ್ಕಾರದ ಪರ ವಾದಿಸಿದರು. ಆ ವರ್ಷವೇ ಆಳುವ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದರು. ಎಲ್ಲ ಬಿರುಕೂ ಕೂಡಿಕೊಳ್ಳುವುದಿಲ್ಲ ಎಂಬುದೂ ಈ ಬದುಕಿನ ಭಾಗವೇ. ಬಾರ್ನ್ ಅದನ್ನು ಒಪ್ಪಿಕೊಂಡರು. ಕೂಡಿಕೊಳ್ಳುವಂತೆ ನಟಿಸಲಿಲ್ಲ.

1969ರಲ್ಲಿ ಐನ್‌ಸ್ಟೈನ್ ಜೊತೆಗಿನ ಪತ್ರಗಳನ್ನು ಅವರು ಟಿಪ್ಪಣಿಗಳೊಡನೆ ಪ್ರಕಟಿಸಿದರು. ತಮ್ಮನ್ನು ಚುಚ್ಚಿದ ಪತ್ರಗಳನ್ನೂ ತೆಗೆದುಹಾಕಲಿಲ್ಲ. ಮರುವರ್ಷ ಜನವರಿ 5ರಂದು ಗಟಿಂಗೆನ್‌ನಲ್ಲಿ ಕಣ್ಮುಚ್ಚಿದರು. ಹಿರಿಯ ಮಗಳು ಐರೀನ್ ದೂರದ ಆಸ್ಟ್ರೇಲಿಯಾದಲ್ಲಿದ್ದರು. ಆಕೆಯ ಮಗಳು ಒಲಿವಿಯಾ ನ್ಯೂಟನ್-ಜಾನ್ ಮುಂದೆ ಜಗತ್ಪ್ರಸಿದ್ಧ ಗಾಯಕಿಯಾದರು. ಬ್ರೆಸ್ಲಾವ್‌ನ ಒಂದು ಮನೆ ಹೀಗೆ ನಾಲ್ಕು ಖಂಡಗಳಿಗೆ ಚದುರಿತು.

ಇಂದಿನ ಮನೆಗಳಿಗೆ ಇದರಿಂದ ಸಿಗುವುದೇನು? ರಾಜಿಯ ಸಿದ್ಧಸೂತ್ರವಂತೂ ಅಲ್ಲ. ನೀತಿಯ ಪ್ರಶ್ನೆಯಲ್ಲಿ ಬೇಡ ಎನ್ನಬೇಕಾದಲ್ಲಿ ಬೇಡ ಎನ್ನಲೇಬೇಕು. ಮನೆಯ ನೆಮ್ಮದಿಗಾಗಿ ಅದನ್ನು ನುಂಗಿಕೊಂಡರೆ ದುಃಖ ಒಳಗೇ ಕೊಳೆಯುತ್ತದೆ. ಹೇಬರ್ ಅವರ ಮನೆಯಲ್ಲಿ ಕೊನೆಗೆ ಉಳಿದದ್ದು ಪಿಸ್ತೂಲಿನ ಸದ್ದು. ಆದರೆ ಬೇಡ ಎಂದ ಮಾತ್ರಕ್ಕೆ ಎದುರಿನವರನ್ನು ಲೆಕ್ಕದಿಂದ ಹೊಡೆದುಹಾಕಬೇಕಾಗಿಲ್ಲ. ತನ್ನ ಕೈಗೂ ಒಂದಿಷ್ಟು ಮಸಿ ಹತ್ತಿದೆಯೆಂದು ಬಲ್ಲವನು ಇನ್ನೊಬ್ಬರ ಮಸಿಯನ್ನು ತೋರಿಸುವಾಗ ದನಿ ತಗ್ಗಿಸುತ್ತಾನೆ. ದಾಯಾದಿಯ ಮಾತು ನೋಯಿಸಿತೇ, ಅಳಬೇಕು. ಬೆಂಗಳೂರಿನ ಆ ಸಂಜೆ ನೊಬೆಲ್ ಮಟ್ಟದ ವಿಜ್ಞಾನಿಯೇ ಅತ್ತದ್ದುಂಟು. ಅತ್ತ ಮೇಲೆ ಮತ್ತೆ ಕಾಗದ ಬರೆಯಬೇಕು. ಉತ್ತರ ಬರಬಹುದು, ಬಾರದೆಯೂ ಇರಬಹುದು. ಬರೆಯುವವರು ಒಬ್ಬರಾದರೂ ಉಳಿದಿರುವ ತನಕ, ಮೂರು ಬಾಗಿಲಾದ ಮನೆಯೂ ಒಂದೇ ಸೂರಿನ ಕೆಳಗಿರುತ್ತದೆ.